ಕನ್ನಡಿ ಹಿಡಿದವರ ಮೇಲೆ ಮುನಿಸೇಕೆ?

ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆಯನ್ನು ನಮ್ಮ ಹಿರಿಯರು ಮಕ್ಕಳನ್ನು ಕುರಿತು ಹೇಳಿದರಾದರೂ ಅದು ಬರಹವನ್ನು ಹೆತ್ತವರಿಗೆ ಇನ್ನೂ ಚೆನ್ನಾಗಿ ಒಪ್ಪುತ್ತದೆ. ಮಗುವಾದರೋ ಬೀದಿಗೆ ಹೋಗುತ್ತದೆ, ಶಾಲೆಗೆ ಹೋಗುತ್ತದೆ; ಅದರ ಗುಣದೋಷಗಳನ್ನು ನಾಲ್ಕು ಜನ ತಾವಾಗಿಯೇ ತಂದು ತಾಯಿತಂದೆಗಳಿಗೆ ಒಪ್ಪಿಸುತ್ತಾರೆ. ಅಚ್ಚಾಗದ ಕಾದಂಬರಿಯ ಹಸ್ತಪ್ರತಿಗೆ ಆ ಭಾಗ್ಯವಿಲ್ಲ. ಅದು ಕಪಾಟಿನ ಕತ್ತಲೆಯಲ್ಲಿ, ಬರೆದವರ ಮಮತೆಯ ಬಿಸುಪಿನಲ್ಲಿಯೇ ಬೆಳೆಯುತ್ತದೆ. ಒಂದು ದಿನ ಬರೆದವರು ಧೈರ್ಯ ತಂದುಕೊಂಡು ಅದನ್ನು ಇನ್ನೊಬ್ಬರ ಕೈಗಿತ್ತು, "ಓದಿ, ಇದ್ದದ್ದನ್ನು ಇದ್ದಹಾಗೆ ಹೇಳಿ" ಎನ್ನುತ್ತಾರೆ. ಹಾಗೆನ್ನುವಾಗ ಬಾಯಿ ಸತ್ಯವನ್ನು ಕೇಳುತ್ತಿರುತ್ತದೆ. ಮನಸ್ಸು ಮೆಚ್ಚುಗೆಯ ದಾರಿ ಕಾಯುತ್ತಿರುತ್ತದೆ.

ನಮ್ಮ ಓದುಗ ಕುಟುಂಬಗಳಲ್ಲಿ ಬರೆಯುವವರಿಗೆ ಕೊರತೆಯಿಲ್ಲ. ನಿವೃತ್ತ ಶಿಕ್ಷಕರು, ಗೃಹಿಣಿಯರು, ನೌಕರಿಯ ನಡುವೆ ಬಿಡುವು ಕದ್ದು ಬರೆಯುವ ತರುಣರು ಹಲವರಿದ್ದಾರೆ. ಅವರಲ್ಲಿ ಕೆಲವರು ನನ್ನಂಥ ಮುದುಕನಿಗೂ ತಮ್ಮ ಬರಹವನ್ನು ಕಳುಹಿಸುತ್ತಾರೆ. ಆದುದರಿಂದ ನಿಷ್ಠುರದ ಮಾತನ್ನು ಆಡುವುದು ಹೇಗೆ, ಅದಕ್ಕಿಂತ ಮುಖ್ಯವಾಗಿ ಅದನ್ನು ಕೇಳಿಸಿಕೊಳ್ಳುವುದು ಹೇಗೆ ಎಂಬುದನ್ನು ಈ ಸಲ ವಿಚಾರಿಸೋಣ. ಇದರಲ್ಲಿ ನನಗೆ ಪಾಠ ಕಲಿಸಿದವರು ದೇವಬಾಗದ ಒಬ್ಬ ಮಾಸ್ತರರು.

ಕಾರವಾರದ ಉತ್ತರಕ್ಕೆ, ಕಾಳಿ ನದಿ ಸಮುದ್ರವನ್ನು ಸೇರುವಲ್ಲಿ, ಸದಾಶಿವಗಡದ ಗುಡ್ಡದಿಂದಾಚೆಗೆ ಮರಳಿನ ನಾಲಗೆಯಂತೆ ಚಾಚಿಕೊಂಡಿರುವ ಊರು ದೇವಬಾಗ. ಒಂದು ಮಗ್ಗುಲಲ್ಲಿ ಹೊಳೆ, ಇನ್ನೊಂದು ಮಗ್ಗುಲಲ್ಲಿ ಅರಬ್ಬೀ ಸಮುದ್ರ, ನಡುವೆ ಗಾಳಿಮರಗಳ ತೋಪು. ಮಾಸ್ತರರು ಅಲ್ಲಿಯ ಮೀನುಗಾರ ಮನೆತನದವರು. ಮನೆಮಾತು ಕೊಂಕಣಿ. ಹಿಂದೆ ಹಳಿಯಾಳದ ಕಡೆ ಪ್ರಾಥಮಿಕ ಶಾಲೆಯಲ್ಲಿದ್ದಾಗ ನನಗೆ ಪರಿಚಿತರಾದವರು. ನಿವೃತ್ತಿಯ ತರುವಾಯ ನಾಲ್ಕು ವರ್ಷ ಕುಳಿತು ಆರು ದಪ್ಪ ನೋಟುಪುಸ್ತಕಗಳಲ್ಲಿ ಒಂದು ಕನ್ನಡ ಕಾದಂಬರಿಯನ್ನು ಬರೆದರು; ಬರೆದುದನ್ನು ನನಗೆ ಕಳುಹಿಸಿ ಅಭಿಪ್ರಾಯ ಬೇಡಿದರು.

ಕಾದಂಬರಿಯ ವಸ್ತು ರಂಪಣಿ. ಒಳನಾಡಿನ ನಮ್ಮ ಓದುಗರಿಗೆ ಇದರ ಪರಿಚಯ ಇರಲಾರದು. ರಂಪಣಿ ಎಂಬುದು ಕರಾವಳಿಯ ಮಹಾಬಲೆ. ದೋಣಿಯೊಂದು ಅದನ್ನು ಹೊತ್ತು ಕಡಲಿಗಿಳಿದು ಅರ್ಧಚಂದ್ರಾಕಾರವಾಗಿ ಬಿಡುತ್ತ ಮತ್ತೆ ದಡಕ್ಕೆ ಬರುತ್ತದೆ. ಆಮೇಲೆ ಹತ್ತಾರು ಜನ ಎರಡು ಸಾಲಾಗಿ ನಿಂತು ಬಲೆಯ ಎರಡು ತುದಿಗಳನ್ನು ದಡದಿಂದಲೇ ಎಳೆಯಬೇಕು. ಬಂಗಡೆ, ತಾರ್ಲೆ ಮುಂತಾದ ಮೀನಿನ ಹಿಂಡು ಸಿಕ್ಕರೆ ದುಡಿದವರಿಗೆಲ್ಲ ಪಾಲು. ಒಬ್ಬನಿಂದ ಆಗದ, ಊರೆಲ್ಲ ಕೈಹಾಕಿದರೆ ಮಾತ್ರ ಆಗುವ ಕಾಯಕವದು. 1970ರ ದಶಕದಲ್ಲಿ ಪರ್ಸೀನ್ ಬೋಟುಗಳು ಬಂದವು. ಅವು ಕಡಲಿನಲ್ಲಿಯೇ ಹಿಂಡನ್ನು ಸುತ್ತುಗಟ್ಟಿ ಹಿಡಿಯತೊಡಗಿದ ಮೇಲೆ ದಡದ ಬಲೆಗೆ ಮೀನು ಬರುವುದು ಕಡಮೆಯಾಯಿತು. ರಂಪಣಿ ಕ್ರಮೇಣ ಮೂಲೆ ಸೇರಿತು. ಮಾಸ್ತರರ ಬಾಲ್ಯ ಆ ಸಂಧಿಕಾಲದಲ್ಲಿ ಕಳೆದಿತ್ತು. ತಮ್ಮ ತಂದೆಯನ್ನೇ ಕಥಾನಾಯಕನನ್ನಾಗಿ ಮಾಡಿ ಅವರು ಈ ಕಾದಂಬರಿಯನ್ನು ಕಟ್ಟಿದ್ದರು.

ನಾನು ಮಠದ ಪಾಠಶಾಲೆಯಲ್ಲಿ ಹಳಗನ್ನಡ, ಸಂಸ್ಕೃತಗಳನ್ನು ಓದಿ ಬೆಳೆದವನು. ಕಡಲನ್ನು ದಡದಲ್ಲಿ ನಿಂತು ನೋಡಿದ್ದೇನೆಯೇ ಹೊರತು ಬಲೆಯ ಹಗ್ಗವನ್ನು ಮುಟ್ಟಿದವನಲ್ಲ. ಹೀಗಿದ್ದೂ ಆರು ಪುಸ್ತಕಗಳನ್ನೂ ಓದಿ ನಾಲ್ಕು ಪುಟಗಳ ಕಾಗದ ಬರೆದೆ. ಅದರ ಸಾರಾಂಶ ಇಷ್ಟು: ಬಲೆ ಎಳೆಯುವ ಪ್ರಸಂಗಗಳು ಸೊಗಸಾಗಿವೆ. ಆದರೆ ತಂದೆಯ ಪಾತ್ರದಲ್ಲಿ ಒಂದೂ ದೋಷವಿಲ್ಲ. ಮನುಷ್ಯನಿಗಿಂತ ಅವನು ವಿಗ್ರಹದಂತೆ ಕಾಣುತ್ತಾನೆ. ತಾಯಿ ನಡುವಿನಲ್ಲಿ ಮಾಯವಾಗಿ ಕೊನೆಯವರೆಗೂ ಪತ್ತೆಯಿಲ್ಲ. ಕೊನೆಯ ಮೂರು ಅಧ್ಯಾಯಗಳು ಯಂತ್ರಗಳ ಮೇಲಣ ಉಪನ್ಯಾಸವಾಗಿವೆ. ಕೊಂಕಣಿ ಬೆರೆತ ಸಂಭಾಷಣೆಯನ್ನು ತೆಗೆದುಹಾಕಿ ಶಿಷ್ಟ ಕನ್ನಡದಲ್ಲಿ ಬರೆಯಬೇಕು. ಕಟ್ಟಕಡೆಗೆ, "ಈಗಿರುವಂತೆ ಈ ಕೃತಿ ಅಚ್ಚಿಗೆ ಯೋಗ್ಯವಲ್ಲ" ಎಂದು ಒಂದು ಸಾಲು ಸೇರಿಸಿ ಸಹಿ ಹಾಕಿದೆ. ಕಾಗದವನ್ನು ಅಂಚೆಗೆ ಹಾಕಿ ಬಂದಾಗ ಪ್ರಾಮಾಣಿಕನಾದೆನೆಂಬ ತೃಪ್ತಿಯೂ ನನಗಿತ್ತೆಂದು ಒಪ್ಪಿಕೊಳ್ಳುತ್ತೇನೆ.

ಒಂದು ತಿಂಗಳು ಕಳೆಯಿತು, ಎರಡು ತಿಂಗಳು ಕಳೆದವು, ಉತ್ತರವಿಲ್ಲ. ಆಗ ನನಗೆ ಹಳೆಯದೊಂದು ನೆನಪು ಕಾಡತೊಡಗಿತು. 1980ರ ದಶಕದಲ್ಲಿ ನಾನು ಪ್ರಸಾದನಿಲಯವೊಂದರಲ್ಲಿ ಹುಡುಗರಿಗೆ ಪಾಠ ಹೇಳುತ್ತಿದ್ದೆ. ಬಡ ಕುಟುಂಬದ ಹುಡುಗನೊಬ್ಬ ಕಥೆಗಳ ಕಟ್ಟೊಂದನ್ನು ತಂದು ನನ್ನ ಮುಂದಿಟ್ಟ. ನಾನು ಅದನ್ನು ಇತರ ವಿದ್ಯಾರ್ಥಿಗಳ ಎದುರಿನಲ್ಲಿಯೇ ತೆರೆದು, ವ್ಯಾಕರಣದ ತಪ್ಪುಗಳನ್ನು ಒಂದೊಂದಾಗಿ ಓದಿ ತೋರಿಸಿದೆ. ಹುಡುಗರು ನಕ್ಕರು. ನಾನು ಹೇಳಿದ ತಪ್ಪುಗಳಲ್ಲಿ ಒಂದೂ ಸುಳ್ಳಾಗಿರಲಿಲ್ಲ. ಆದರೆ ಆ ಹುಡುಗ ಮತ್ತೆ ಬರೆಯಲಿಲ್ಲ. ಎಷ್ಟೋ ವರ್ಷಗಳ ಮೇಲೆ ಒಂದು ಮದುವೆಯಲ್ಲಿ ಭೇಟಿಯಾದಾಗ ಕಾಲು ಮುಟ್ಟಿ ನಮಸ್ಕರಿಸಿದನೇ ಹೊರತು, ಕಥೆಯ ಮಾತೆತ್ತಿದರೆ "ಅದೆಲ್ಲ ಹುಡುಗಾಟ, ಗುರುಗಳೆ" ಎಂದು ತೇಲಿಸಿಬಿಟ್ಟ. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಾರದು ಎನ್ನುತ್ತಾರೆ. ನಾನು ಕೋಪದಲ್ಲಿ ಸಹ ಕೊಯ್ದಿರಲಿಲ್ಲ. ಪಾಂಡಿತ್ಯದ ಹುಮ್ಮಸ್ಸಿನಲ್ಲಿ ಕೊಯ್ದಿದ್ದೆ.

ಈ ಅಳುಕಿನಿಂದಲೇ 2025ರಲ್ಲಿ ಒಂದು ದಿನ ದೇವಬಾಗದ ದಾರಿ ಹಿಡಿದೆ. ಮಾಸ್ತರರು ಹೊರಗೆ ಹೋಗಿದ್ದರು. ಅವರ ಮನೆಯಾಕೆ ಆದರದಿಂದ ಬರಮಾಡಿಕೊಂಡು, ನೀರು ಬೆಲ್ಲ ಕೊಟ್ಟು ಕುಳ್ಳಿರಿಸಿದರು. ಕುಶಲಪ್ರಶ್ನೆ ಮುಗಿದ ಮೇಲೆ ತಾವಾಗಿಯೇ ವಿಷಯಕ್ಕೆ ಬಂದರು.

"ಶಾಸ್ತ್ರಿಗಳೆ, ನಿಮ್ಮ ಕಾಗದ ಬಂದ ದಿನ ಇವರು ಊಟಕ್ಕೆ ಏಳಲಿಲ್ಲ. ಆರೂ ಪುಸ್ತಕ ಒಲೆಗೆ ಹಾಕ್ತೇನೆ ಅಂದರು. ನಾನು ಅವನ್ನು ತೆಗೆದು ಅಕ್ಕಿ ಡಬ್ಬಿಯ ಹಿಂದೆ ಇಟ್ಟೆ. ಸಿಟ್ಟು ಇಳಿದ ಮೇಲೆ ಕೇಳಿದರೆ ಕೊಡುವ ಅಂತ."

"ತಪ್ಪಾಯಿತು ತಾಯಿ, ಅಷ್ಟು ಕಟುವಾಗಿ ಬರೆಯಬಾರದಿತ್ತು" ಎಂದೆ.

ಆಕೆ ಒಂದು ಗಳಿಗೆ ಸುಮ್ಮನಿದ್ದು ಹೇಳಿದರು: "ಕಟುವಾಗಿತ್ತು, ಹೌದು. ಆದರೆ ಅಮ್ಮ ನಡುವಿನಲ್ಲಿ ಮಾಯ ಆದಳು ಅಂತ ಬರೆದಿದ್ದಿರಲ್ಲ, ಅದು ಮಾತ್ರ ಖರೆ. ಇವರು ನನಗೆ ಓದಿ ತೋರಿಸುವಾಗ ನನಗೂ ಹಾಗೇ ಅನ್ನಿಸಿತ್ತು. ಹೇಳಲಿಲ್ಲ. ಬಲೆ ಮೂಲೆಗೆ ಬಿದ್ದ ವರ್ಷ ಮನೆ ನಡೆಸಿದವರು ಯಾರು? ನಮ್ಮ ಅತ್ತೆ ಬುಟ್ಟಿ ಹೊತ್ತು ಪೇಟೆಗೆ ಹೋಗಿ ಮಾರಿ ಬಂದದ್ದರಿಂದ ಇವರ ಶಾಲೆ ಆಯಿತು. ಕಥೆಯಲ್ಲಿ ಅವರೇ ಇಲ್ಲ."

ನನ್ನ ನಾಲ್ಕು ಪುಟಗಳ ವಿಮರ್ಶೆಗಿಂತ ಆಕೆಯ ಈ ನಾಲ್ಕು ಮಾತುಗಳಿಗೆ ಹೆಚ್ಚಿನ ತೂಕವಿತ್ತು. ಹಸ್ತಪ್ರತಿಯ ಮೊದಲ ವಿಮರ್ಶಕಿ ಮನೆಯಲ್ಲಿಯೇ ಇದ್ದರು. ಅವರಿಗೆ ಬಾಯಿ ತೆರೆಯುವ ಸಂದರ್ಭ ಬಂದಿರಲಿಲ್ಲ. ನಾನು ಕೇವಲ ಒಂದು ಕೊರತೆಯನ್ನು ಕಂಡಿದ್ದೆ. ಆಕೆ ಅಲ್ಲಿ ಇರಬೇಕಾದದ್ದೇನೆಂಬುದನ್ನು ಬಲ್ಲವರಾಗಿದ್ದರು.

ಅಷ್ಟರಲ್ಲಿ ಮಾಸ್ತರರು ಬಂದರು. ಮುನಿಸನ್ನು ನಿರೀಕ್ಷಿಸಿದ್ದ ನನ್ನ ಮುಂದೆ ಅವರು ಒಂದು ಹೊಸ ನೋಟುಪುಸ್ತಕವನ್ನು ತಂದಿಟ್ಟರು. ಎಡಪುಟದಲ್ಲಿ ನನ್ನ ಕಾಗದವನ್ನು ಒಂದೊಂದೇ ವಾಕ್ಯವಾಗಿ ಬಿಡಿಸಿ ನಕಲು ಮಾಡಿದ್ದರು. ಬಲಪುಟದಲ್ಲಿ ಪ್ರತಿಯೊಂದಕ್ಕೂ ಎದುರಾಗಿ 'ಹೌದು', 'ಅಲ್ಲ', 'ನೋಡೋಣ' ಎಂಬ ಮೂರರಲ್ಲಿ ಒಂದನ್ನು ಬರೆದಿದ್ದರು. ಉತ್ತರ ಬರೆಯದೆ ಇದ್ದುದಕ್ಕೆ ಕಾರಣ ಕೇಳಿದಾಗ ಅವರು ನಕ್ಕು, "ಮೊದಲ ವಾರ ಬರೆದಿದ್ದರೆ ಜಗಳ ಬರೆಯುತ್ತಿದ್ದೆ, ಶಾಸ್ತ್ರಿಗಳೆ. ಅದಕ್ಕೇ ಬರೆಯಲಿಲ್ಲ" ಎಂದರು.

ತಾಯಿಯ ಎದುರಿಗೆ 'ಹೌದು' ಇತ್ತು. ಉಪನ್ಯಾಸಗಳ ಎದುರಿಗೂ 'ಹೌದು' ಇತ್ತು. ತಂದೆಯ ಎದುರಿಗೆ 'ನೋಡೋಣ' ಎಂದು ಬರೆದು, ಆಮೇಲೆ ಬೇರೆ ಶಾಯಿಯಲ್ಲಿ, "ಅಪ್ಪ ಪಾಲು ಹಂಚುವಾಗ ಒಮ್ಮೆ ತಮ್ಮನಿಗೆ ಮೋಸ ಮಾಡಿದ್ದ. ಬರೆಯಲು ಕೈ ಬರಲಿಲ್ಲ. ಬರೆಯಬೇಕೇನೋ" ಎಂದು ಸೇರಿಸಿದ್ದರು. ಭಾಷೆಯ ಎದುರಿಗೆ ಮಾತ್ರ ದೊಡ್ಡಕ್ಷರದಲ್ಲಿ 'ಅಲ್ಲ' ಎಂದಿತ್ತು.

"ನಮ್ಮ ಅಪ್ಪ ಗ್ರಂಥದ ಕನ್ನಡ ಆಡಿದರೆ ಬಲೆ ದಡಕ್ಕೆ ಬರುವುದಿಲ್ಲ" ಎಂದರು. ನಾನು ವಾದಕ್ಕೆ ನಿಂತೆ. ಅವರು ತಮ್ಮ ಕಡೆಯಿಂದ ವಾದಿಸಲಿಲ್ಲ, ಒಂದೇ ಒಂದು ಪ್ರಶ್ನೆ ಕೇಳಿದರು: "ನೀವು ಓದುತ್ತ ಎಲ್ಲೆಲ್ಲಿ ನಿಂತಿರಿ, ಆ ಜಾಗ ತೋರಿಸಿ."

ಪುಟ ತಿರುವಿ ಹನ್ನೊಂದು ಸ್ಥಳಗಳನ್ನು ತೋರಿಸಿದೆ. ಅವನ್ನು ಒಟ್ಟಿಗೆ ನೋಡಿದಾಗ ನಿಜವಾದ ತೊಡಕು ಇಬ್ಬರಿಗೂ ಕಂಡಿತು. ಕೊಂಕಣಿಯ ಮಾತುಗಳು ನೂರಾರಿದ್ದವು. ಅವುಗಳಲ್ಲಿ ಬಹುಪಾಲು ನನಗೆ ಸಂದರ್ಭದಿಂದಲೇ ತಿಳಿದಿದ್ದವು. ನಾನು ನಿಂತದ್ದು ಬಲೆಯ, ದೋಣಿಯ ಅಂಗಗಳ ಹೆಸರುಗಳು ಯಾವ ಕ್ರಿಯೆಯೂ ಇಲ್ಲದೆ ಬರಿದೆ ಪಟ್ಟಿಯಂತೆ ಬಂದಲ್ಲಿ, ಮತ್ತು ಗುಂಪಿನ ಮಾತಿನಲ್ಲಿ ಯಾವುದು ಯಾರ ಮಾತೆಂದು ತಿಳಿಯದಲ್ಲಿ. ಅಂದರೆ ದೋಷ ಭಾಷೆಯದಲ್ಲ, ಚಿತ್ರದ್ದು. ಬಲೆಯ ತುದಿಯ ಹೆಸರು ಹೇಳುವ ಮೊದಲು ಅದನ್ನು ಹಿಡಿದ ಕೈಯನ್ನು ತೋರಿಸಿದರೆ ಸಾಕಾಗಿತ್ತು. ನನ್ನ ಸಲಹೆಯಂತೆ ಮಾತನ್ನೆಲ್ಲ ಶಿಷ್ಟ ಕನ್ನಡಕ್ಕೆ ತಿದ್ದಿದ್ದರೆ ಆ ತೊಡಕು ಹಾಗೆಯೇ ಉಳಿದು, ಕಾದಂಬರಿಯ ಜೀವ ಮಾತ್ರ ಹೋಗುತ್ತಿತ್ತು. ನನಗೆ ಇದು ಮೊದಲೇ ಹೊಳೆಯಬೇಕಾಗಿತ್ತು. ರಾವಬಹಾದ್ದೂರರ 'ಗ್ರಾಮಾಯಣ' 1957ರಲ್ಲಿ ಉತ್ತರ ಕರ್ನಾಟಕದ ಆಡುಮಾತನ್ನು ಕಾದಂಬರಿಗೆ ತಂದುದನ್ನು ನಮ್ಮ ಸೀಮೆಯವರು ಹೆಮ್ಮೆಯಿಂದ ಹೇಳುತ್ತೇವೆ. ನಮ್ಮ ಸೀಮೆಯ ಮಾತಿಗೆ ಕೊಡುವ ಮನ್ನಣೆಯನ್ನು ಕಡಲ ಸೀಮೆಯ ಮಾತಿಗೆ ಕೊಡಲು ನಾನು ಹಿಂದೆಗೆದಿದ್ದೆ.

ಆತ್ಮೀಯ ಓದುಗರೆ, ಈ ಪ್ರಸಂಗದಿಂದ ನಾನು ಕಲಿತದ್ದು ಒಂದೇ ಮಾತು. ರೋಗಿ "ಇಲ್ಲಿ ನೋಯುತ್ತದೆ" ಎಂದರೆ ವೈದ್ಯ ನಂಬಲೇಬೇಕು. "ನನಗೆ ಇಂಥ ಮದ್ದೇ ಬೇಕು" ಎಂದರೆ ನಂಬಬೇಕಾಗಿಲ್ಲ. ಹಸ್ತಪ್ರತಿಯ ಓದುಗನೂ ಹೀಗೆಯೇ. ಇಲ್ಲಿ ಬೇಸರವಾಯಿತು, ಇಲ್ಲಿ ನಂಬಿಕೆ ಬರಲಿಲ್ಲ, ಇಲ್ಲಿ ದಾರಿ ತಪ್ಪಿತು ಎಂದು ಅವನು ಹೇಳಿದರೆ ಅದು ನಡೆದ ಸಂಗತಿ. ಅದನ್ನು ಅಲ್ಲಗಳೆಯಲು ಬರೆದವರಿಗೆ ಅಧಿಕಾರವಿಲ್ಲ. ಆದರೆ ಅದನ್ನು ಹೀಗೆ ತಿದ್ದು ಎಂದು ಅವನು ಹೇಳಿದಾಗ, ಅದು ಅವನ ಊಹೆ ಮಾತ್ರ. ಮದ್ದನ್ನು ಹುಡುಕಬೇಕಾದವರು ಬರೆದವರೇ. ಈ ಎರಡನ್ನು ಬೇರ್ಪಡಿಸಿ ನೋಡಲು ಬಾರದವರು ಎರಡು ಬಗೆಯಾಗಿ ಕೆಡುತ್ತಾರೆ. ಕೆಲವರು ಮದ್ದು ತಪ್ಪೆಂದು ರೋಗವನ್ನೇ ಇಲ್ಲವೆನ್ನುತ್ತಾರೆ. ಕೆಲವರು ರೋಗ ನಿಜವೆಂದು ಕೊಟ್ಟ ಮದ್ದನ್ನೆಲ್ಲ ಕುಡಿದುಬಿಡುತ್ತಾರೆ.

ನಮ್ಮ ಪರಂಪರೆಯಲ್ಲಿ ಇದಕ್ಕೆ ದೊಡ್ಡ ನಿದರ್ಶನವಿದೆ. ರಾಘವಾಂಕನು 'ಹರಿಶ್ಚಂದ್ರಕಾವ್ಯ'ವನ್ನು ಬರೆದಾಗ, ಶಿವಭಕ್ತರನ್ನು ಬಿಟ್ಟು ನರನೊಬ್ಬನನ್ನು ಹಾಡಿದನೆಂದು ಅವನ ಗುರುವೂ ಸೋದರಮಾವನೂ ಆದ ಹರಿಹರನು ಕೆರಳಿ ಹೊಡೆದನೆಂದೂ, ಶಿಷ್ಯನ ಐದು ಹಲ್ಲುಗಳು ಉದುರಿದವೆಂದೂ, ಆಮೇಲೆ ರಾಘವಾಂಕನು ಶಿವಪರವಾದ ಐದು ಕಾವ್ಯಗಳನ್ನು ಬರೆದು ಅವನ್ನು ಮರಳಿ ಪಡೆದನೆಂದೂ ಐತಿಹ್ಯ ಹೇಳುತ್ತದೆ. ಐತಿಹ್ಯವನ್ನು ಐತಿಹ್ಯವೆಂದೇ ತಿಳಿಯೋಣ. ಆದರೆ ಅದರಲ್ಲಿರುವ ವಿವೇಕವನ್ನು ಗಮನಿಸಿರಿ. ಶಿಷ್ಯನು ಗುರುವಿನ ಮುನಿಸನ್ನು ತಳ್ಳಿಹಾಕಲಿಲ್ಲ. ಅದರಿಂದ 'ಸಿದ್ಧರಾಮಚಾರಿತ್ರ'ದಂಥ ಕೃತಿಗಳು ನಮಗೆ ದೊರೆತವು. ಹಾಗೆಂದು 'ಹರಿಶ್ಚಂದ್ರಕಾವ್ಯ'ವೂ ಅಳಿಯಲಿಲ್ಲ; ಇಂದಿಗೂ ಕನ್ನಡಿಗರು ರಾಘವಾಂಕನ ಹೆಸರಿನೊಡನೆ ಮೊದಲು ನೆನೆಯುವುದು ಅದನ್ನೇ. ಗುರುವಿನ ಗೌರವವೂ ಉಳಿಯಿತು, ಕಾವ್ಯವೂ ಉಳಿಯಿತು. 'ಶೂನ್ಯಸಂಪಾದನೆ'ಯ ಕಥೆಯೂ ನಿಮಗೆ ಗೊತ್ತು. ಶಿವಗಣಪ್ರಸಾದಿ ಮಹಾದೇವಯ್ಯನವರಿಂದ ಮೊದಲಾಗಿ ಗೂಳೂರು ಸಿದ್ಧವೀರಣ್ಣೊಡೆಯರವರೆಗೆ ನಾಲ್ವರ ಕೈಯಲ್ಲಿ ಅದು ನಾಲ್ಕು ಬಾರಿ ರೂಪ ತಳೆಯಿತು. ಅಷ್ಟು ಪೂಜ್ಯವಾದ ಗ್ರಂಥವೇ ತಿದ್ದುಪಡಿಗೆ ಮೈಯೊಡ್ಡಿರುವಾಗ ನಮ್ಮ ನಿಮ್ಮ ನೋಟುಪುಸ್ತಕದ ಮಾತೇನು?

ಈಚಿನ ಕಾಲಕ್ಕೆ ಬಂದರೆ ಕುವೆಂಪು ಅವರ ಪ್ರಸಂಗ ಪ್ರಸಿದ್ಧವಾದುದು. 1924ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದ ಅವರು ತಮ್ಮ ಇಂಗ್ಲಿಷ್ ಕವನಗಳನ್ನು ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ಒಯ್ದು ತೋರಿಸಿದರು. ಮೆಚ್ಚುಗೆಯನ್ನು ಬಯಸಿ ಹೋದ ತರುಣನಿಗೆ ದೊರೆತದ್ದು, ನಿಮ್ಮ ಭಾಷೆಯಲ್ಲಿ ಏಕೆ ಬರೆಯಬಾರದು ಎಂಬ ಪ್ರಶ್ನೆ. ತರುಣನಿಗೆ ಅಸಮಾಧಾನವಾಯಿತು, ಕನ್ನಡದಲ್ಲಿ ತಕ್ಕ ಛಂದಸ್ಸಿಲ್ಲವೆಂದು ವಾದವನ್ನೂ ಹೂಡಿದರು. ಬಂಗಾಳಿಯಲ್ಲಿ ರವೀಂದ್ರರು ಹೊಸ ರೂಪಗಳನ್ನು ಸೃಷ್ಟಿಸಿದ್ದನ್ನು ಕಸಿನ್ಸ್ ನೆನಪಿಸಿದರು. ಆ ಕಹಿಮಾತು ಮನಸ್ಸಿನಲ್ಲಿ ಬೇರಿಳಿಯಿತು. ಅದರ ಫಲ ಕನ್ನಡಿಗರೆಲ್ಲರಿಗೂ ದಕ್ಕಿತು. ಇಲ್ಲಿ ಒಂದು ಸೂಕ್ಷ್ಮವಿದೆ. ಕನ್ನಡ ಬಾರದ ಕಸಿನ್ಸ್ ಕನ್ನಡದಲ್ಲಿ ಹೇಗೆ ಬರೆಯಬೇಕೆಂದು ಹೇಳಲು ಹೋಗಲಿಲ್ಲ. ದಿಕ್ಕನ್ನು ತೋರಿಸಿ, ನಡೆಯುವ ಕೆಲಸವನ್ನು ನಡೆಯುವವರಿಗೆ ಬಿಟ್ಟರು.

ಕಾದಂಬರಿಯದೇ ಉದಾಹರಣೆ ಬೇಕೆಂದರೆ ಮೈಸೂರಿನ ಆರ್. ಕೆ. ನಾರಾಯಣ್ ಇದ್ದಾರೆ. ಅವರ ಮೊದಲ ಕಾದಂಬರಿಯ ಹಸ್ತಪ್ರತಿ ಇಂಗ್ಲೆಂಡಿನ ಪ್ರಕಾಶಕರಿಂದ ಮತ್ತೆ ಮತ್ತೆ ತಿರಸ್ಕೃತವಾಯಿತು. ಬೇಸತ್ತ ನಾರಾಯಣ್, ಆಕ್ಸ್‌ಫರ್ಡಿನಲ್ಲಿದ್ದ ಗೆಳೆಯ ಪೂರ್ಣ ಅವರಿಗೆ, ಹಸ್ತಪ್ರತಿಗೆ ಕಲ್ಲು ಕಟ್ಟಿ ಥೇಮ್ಸ್ ನದಿಯಲ್ಲಿ ಮುಳುಗಿಸಿಬಿಡು ಎಂದು ಬರೆದರು. ಗೆಳೆಯ ಹಾಗೆ ಮಾಡದೆ ಅದನ್ನು ಇಂಗ್ಲಿಷ್ ಕಾದಂಬರಿಕಾರ ಗ್ರಹಾಂ ಗ್ರೀನ್ ಅವರ ಕೈಗೆ ಮುಟ್ಟಿಸಿದರು. ಗ್ರೀನ್ ಮೆಚ್ಚಿದರು, ಪ್ರಕಾಶಕರನ್ನು ಹುಡುಕಿಕೊಟ್ಟರು. ಜೊತೆಗೆ ನಾರಾಯಣ್ ಇಟ್ಟಿದ್ದ ಹೆಸರನ್ನು ಬದಲಿಸಬೇಕೆಂದೂ ಸೂಚಿಸಿದರು. 1935ರಲ್ಲಿ ಪುಸ್ತಕವು 'ಸ್ವಾಮಿ ಅಂಡ್ ಫ್ರೆಂಡ್ಸ್' ಎಂಬ ಹೆಸರಿನಿಂದ ಹೊರಬಂದಿತು. ನಾರಾಯಣ್ ಹೆಸರಿನ ಬದಲಾವಣೆಯನ್ನು ಒಪ್ಪಿದರು, ಮಾಲ್ಗುಡಿಯನ್ನು ಬಿಟ್ಟುಕೊಡಲಿಲ್ಲ. ಬಿಡಬಹುದಾದದ್ದು ಯಾವುದು, ಬಿಡಬಾರದ್ದು ಯಾವುದು ಎಂಬ ಅರಿವು ಇದೇ. ದೇವಬಾಗದ ಆ ತಾಯಿ ಅಕ್ಕಿ ಡಬ್ಬಿಯ ಹಿಂದೆ ಪುಸ್ತಕಗಳನ್ನು ಬಚ್ಚಿಟ್ಟದ್ದೂ, ಪೂರ್ಣರು ಹಸ್ತಪ್ರತಿಯನ್ನು ಹೊಳೆಗೆ ಹಾಕದೆ ಉಳಿಸಿದ್ದೂ ಒಂದೇ ಜಾತಿಯ ಉಪಕಾರ.

ಸಂಜೆ ಮಾಸ್ತರರು ನನ್ನನ್ನು ಗಾಳಿಮರಗಳ ತೋಪಿನ ಮೂಲಕ ಹೊಳೆಯ ಬಾಯಿಗೆ ಕರೆದೊಯ್ದರು. ಎದುರು ದಡದಲ್ಲಿ ಕಾರವಾರ. ಕಾರವಾರಕ್ಕೂ ರವೀಂದ್ರರಿಗೂ ಇರುವ ನಂಟನ್ನು ಅಲ್ಲಿಯ ಮಕ್ಕಳೂ ಬಲ್ಲರು. ಕಡಲತೀರಕ್ಕೆ ಅವರ ಹೆಸರೇ ಇದೆ. ಅವರ ಅಣ್ಣ ಸತ್ಯೇಂದ್ರನಾಥ ಠಾಕೂರರು ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1883ರ ಸುಮಾರಿಗೆ, ಇಪ್ಪತ್ತೆರಡರ ಹರೆಯದ ರವೀಂದ್ರರು ಬಂದು ಉಳಿದಿದ್ದರು. 'ಪ್ರಕೃತಿರ್ ಪ್ರತಿಶೋಧ್' ಎಂಬ ನಾಟಕವನ್ನು ಬರೆದದ್ದು ಅಲ್ಲಿಯೇ. ಒಂದು ದಿನ ಕಾಳಿ ನದಿಯಲ್ಲಿ ದೋಣಿಯೇರಿ ಹೋಗಿ, ಬೆಳದಿಂಗಳಲ್ಲಿ ಹೊಳೆಯ ಬಾಯಿಯವರೆಗೆ ತೇಲಿಬಂದು, ಮರಳಿನ ಮೇಲೆ ನಡೆದು ಮನೆ ಸೇರಿದ ಅವರಿಗೆ ನಿದ್ದೆ ಬರಲಿಲ್ಲ. ಆ ರಾತ್ರಿಯೇ ಒಂದು ಕವಿತೆ ಬರೆದರು. ಮುಂದೆ 1912ರಲ್ಲಿ ಪುಸ್ತಕವಾಗಿ ಬಂದ 'ಜೀವನಸ್ಮೃತಿ'ಯಲ್ಲಿ ಆ ರಾತ್ರಿಯನ್ನು ನೆನೆಯುತ್ತ, ಭಾವದ ಮಡಿಲಲ್ಲಿಯೇ ಕುಳಿತು ಬರೆದದ್ದು ಒಳ್ಳೆಯ ಸಾಹಿತ್ಯವಾಗುವುದು ವಿರಳ, ಬರೆಯುವವನಿಗೂ ಅನುಭವಕ್ಕೂ ನಡುವೆ ಒಂದಿಷ್ಟು ದೂರ ಬೇಕು ಎಂಬ ಅರ್ಥದ ಮಾತನ್ನು ಅವರು ಆಡುತ್ತಾರೆ. ತನ್ನ ಬರಹಕ್ಕೆ ತಾನೇ ನಿಷ್ಠುರ ಓದುಗನಾಗಲು ರವೀಂದ್ರರಂಥವರಿಗೂ ಕಾಲ ಬೇಕಾಯಿತು. ಈ ಮಾತನ್ನು ಮಾಸ್ತರರಿಗೆ ಹೇಳಿದೆ. ಅವರು ಹೊಳೆಯತ್ತ ನೋಡುತ್ತ, "ಹಾಗಾದರೆ ಅಪ್ಪನ ಮೋಸದ ವಿಷಯ ಬರೆಯಲು ನಾನಿನ್ನೂ ಹತ್ತಿರ ಇದ್ದೇನೆ. ಸ್ವಲ್ಪ ದೂರ ಹೋಗಬೇಕು" ಎಂದರು.

ಇನ್ನು ಬರೆಯುವವರಿಗೆ ಕೆಲವು ಮಾತುಗಳು.

ಒಂದನೆಯದು, ಬರೆದು ಮುಗಿಸಿದ ಬಿಸಿಯಲ್ಲಿಯೇ ಹಸ್ತಪ್ರತಿಯನ್ನು ಯಾರಿಗೂ ಕೊಡಬೇಡಿರಿ. ಒಂದು ಮಳೆಗಾಲವಾದರೂ ಕಳೆಯಲಿ. ನೀವೇ ಒಮ್ಮೆ ಪರರ ಕಣ್ಣಿನಿಂದ ಓದಿರಿ. ಕೊಡುವ ಮುನ್ನ ಒಂದು ನಕಲು ನಿಮ್ಮಲ್ಲಿರಲಿ.

ಎರಡನೆಯದು, ಒಬ್ಬರಿಗೆ ಕೊಡಬೇಡಿರಿ, ಹತ್ತು ಜನರಿಗೂ ಕೊಡಬೇಡಿರಿ. ಮೂವರು ಸಾಕು: ಕಥೆಯ ಬದುಕನ್ನು ಬಲ್ಲವರೊಬ್ಬರು, ಭಾಷೆಯನ್ನು ಬಲ್ಲವರೊಬ್ಬರು, ಇವೆರಡರ ಗೊಡವೆಯಿಲ್ಲದೆ ಸುಮ್ಮನೆ ಕಥೆ ಓದುವವರೊಬ್ಬರು. ಮೂವರಲ್ಲಿ ಇಬ್ಬರು ಒಂದೇ ಜಾಗದಲ್ಲಿ ಎಡವಿದರೆ ಅಲ್ಲಿ ಕಲ್ಲಿದೆಯೆಂದು ತಿಳಿಯಿರಿ.

ಮೂರನೆಯದು, "ಹೇಗಿದೆ?" ಎಂದು ಕೇಳಬೇಡಿರಿ. ಆ ಪ್ರಶ್ನೆಗೆ ಸಜ್ಜನರು "ಚೆನ್ನಾಗಿದೆ" ಎಂದಲ್ಲದೆ ಬೇರೇನು ಹೇಳಿಯಾರು? ಎಲ್ಲಿ ನಿಂತಿರಿ, ಎಲ್ಲಿ ಪುಟ ಹಾರಿಸಿದಿರಿ, ಯಾರನ್ನು ನಂಬಲಿಲ್ಲ ಎಂದು ಕೇಳಿರಿ.

ನಾಲ್ಕನೆಯದು, ಉತ್ತರ ಬಂದಾಗ ಸಮರ್ಥನೆಗೆ ಇಳಿಯಬೇಡಿರಿ. ಪುಸ್ತಕ ಅಚ್ಚಾದ ಮೇಲೆ ಪ್ರತಿಯೊಬ್ಬ ಓದುಗನ ಮನೆಗೆ ಹೋಗಿ ವಿವರಿಸಲು ನಿಮಗೆ ಸಾಧ್ಯವೆ? ಧನ್ಯವಾದ ಹೇಳಿ, ಬರೆದಿಟ್ಟುಕೊಂಡು, ಕೆಲವು ದಿನ ಬಿಟ್ಟು ಮತ್ತೆ ಓದಿರಿ. ಮೊದಲ ದಿನ ಅವಮಾನವೆಂದು ತೋರಿದ ಮಾತು ಹದಿನೈದನೆಯ ದಿನ ಸಹಾಯವೆಂದು ತೋರುವುದುಂಟು. ಆಗಲೂ ತಪ್ಪೆಂದೇ ತೋರಿದರೆ ಮಾಸ್ತರರಂತೆ 'ಅಲ್ಲ' ಎಂದು ಧೈರ್ಯವಾಗಿ ಬರೆಯಿರಿ.

ಓದಿ ಹೇಳುವವರಿಗೂ ಧರ್ಮವಿದೆ. ಪೂರ್ತಿ ಓದದೆ ಹೇಳಬಾರದು. ನಾಲ್ಕು ಜನರ ಎದುರಿನಲ್ಲಿ ಹೇಳಬಾರದು. ಪುಟ ತೋರಿಸದೆ ದೋಷ ಹೇಳಬಾರದು. ತನಗೆ ತಿಳಿಯದ ಬದುಕಿನ ವಿಷಯದಲ್ಲಿ ತೀರ್ಪು ಕೊಡದೆ ಪ್ರಶ್ನೆ ಕೇಳಬೇಕು. 'ಯೋಗ್ಯವಲ್ಲ' ಎಂಬಂಥ ಮುದ್ರೆಯನ್ನು ಒತ್ತಬಾರದು. 'ಇನ್ನೂ ಕೆಲಸವಿದೆ' ಎಂದರೆ ಸತ್ಯಕ್ಕೆ ಲೋಪವಿಲ್ಲ, ಬರೆದವನ ಕೈಯೂ ಮುರಿಯುವುದಿಲ್ಲ. ಹಾಗೆಂದು ಸುಳ್ಳು ಹೊಗಳಿಕೆ ದಾಕ್ಷಿಣ್ಯವೆಂದೂ ಭಾವಿಸಬಾರದು. ಹೊಗಳಿಕೆಯನ್ನು ಹೊನ್ನಿನ ಶೂಲವೆಂದು ಕಂಡ ಬಸವಣ್ಣನವರ ನಾಡು ನಮ್ಮದು.

ಮನೆಯವರ ಪಾತ್ರವಂತೂ ಹಿರಿದು. ಮನೆಯಲ್ಲಿ ಯಾರಾದರೂ ಬರೆಯುತ್ತಿದ್ದರೆ, ಕೇಳಿದಾಗ ಅನ್ನಿಸಿದ್ದನ್ನು ಮೆಲ್ಲಗೆ ಹೇಳಿರಿ. ಸಿಟ್ಟಿನಲ್ಲಿ ಒಲೆಗೆ ಹಾಕಹೊರಟರೆ ತೆಗೆದಿಡಿರಿ. ಆ ತಾಯಿ ಎರಡನೆಯದನ್ನು ಮಾಡಿದ್ದರಿಂದ ಮೊದಲನೆಯದಕ್ಕೂ ಅವಕಾಶ ಒದಗಿತು.

ಮಾಸ್ತರರ ಕಾದಂಬರಿ ಇನ್ನೂ ಅಚ್ಚಾಗಿಲ್ಲ. ಕೊನೆಯ ಮೂರು ಅಧ್ಯಾಯಗಳು ಹೋಗಿ, ಆ ಜಾಗದಲ್ಲಿ ಬುಟ್ಟಿ ಹೊತ್ತು ಪೇಟೆಗೆ ನಡೆಯುವ ಹೆಂಗಸೊಬ್ಬಳು ಬಂದಿದ್ದಾಳೆಂದು ಮೊನ್ನೆ ಕಾಗದ ಬರೆದಿದ್ದಾರೆ. ಕೊಂಕಣಿಯ ಮಾತುಗಳು ಇದ್ದಲ್ಲಿಯೇ ಇವೆಯಂತೆ. ಕಾಗದದ ಕೊನೆಗೆ, "ಸಿದ್ಧವಾದ ಮೇಲೆ ಮತ್ತೆ ನಿಮಗೇ ಕಳುಹಿಸುತ್ತೇನೆ, ಇದ್ದದ್ದನ್ನು ಇದ್ದಹಾಗೆ ಹೇಳಿ" ಎಂದಿದ್ದಾರೆ.

ಪ್ರಸಾದನಿಲಯದ ಆ ಹುಡುಗನಿಗೂ ಈಗ ಐವತ್ತು ದಾಟಿರಬೇಕು. ಅವನ ವಿಳಾಸ ನನ್ನಲ್ಲಿದೆ. ಈ ಅಂಕಣವನ್ನು ಮುಗಿಸಿದೊಡನೆ ಅವನಿಗೊಂದು ಕಾಗದ ಬರೆಯಬೇಕೆಂದಿದ್ದೇನೆ. ಕಥೆಗಳ ಆ ಕಟ್ಟು ಉಳಿದಿದೆಯೆ ಎಂದು ಕೇಳುತ್ತೇನೆ. ಉಳಿದಿದ್ದರೆ, ಈ ಸಲ ಒಬ್ಬನೇ ಕುಳಿತು ಓದುತ್ತೇನೆ.